ಆಂಟಿಯ ಬಾಗಿಲಿಗೆ ಮುಚ್ಚಳದ ರಂಗೋಲಿ

ಕಸವನ್ನು ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿ, ಚೀಲಕ್ಕೆ ತುಂಬಿ ಮಗಳ ಕೈಯಲ್ಲಿ ಶಾಲೆಗೆ ಕಳಿಸುವ ಕಾಲ ಬರುತ್ತದೆಂದು ಮೈಸೂರಿನಲ್ಲಿದ್ದಾಗ ಯಾರಾದರೂ ಹೇಳಿದ್ದರೆ, ತಲೆ ನೆಟ್ಟಗಿದೆಯಾ ಎಂದು ಕೇಳುತ್ತಿದ್ದೆ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೊದಲ ತಿಂಗಳಲ್ಲೇ ಆ ಕಾಲ ಬಂತು. ಶಾಲೆಯ ಗೇಟಿನ ಹತ್ತಿರ ನನ್ನ ಮಗಳ ಮೂರನೇ ತರಗತಿಯ ಟೀಚರ್ ಮಿಸ್ ಕೆಲ್ಲಿ ನನ್ನನ್ನು ನಿಲ್ಲಿಸಿ, ನಗುನಗುತ್ತಾ, "ನಿಮ್ಮನೆ ಕಸ ಇದ್ರೆ ಕಳ್ಸಿ ರೂಪ. ಆದ್ರೆ ಕ್ಲೀನಾಗಿರ್ಲಿ" ಅಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಬಿದ್ದದ್ದು ಹೀಗೆ.

ಅವರಿಗೆ ಬೇಕಾಗಿದ್ದದ್ದು ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ. ಹಾಲಿನದು, ಜ್ಯೂಸಿನದು, ನೀರಿನದು, ಯಾವುದಾದರೂ ಸರಿ. ಬಾಟಲಿಯನ್ನೇನೋ ರೀಸೈಕ್ಲಿಂಗ್ ಬಿನ್ನಿಗೆ ಹಾಕಬಹುದು. ಚಿಕ್ಕ ಮುಚ್ಚಳಗಳು ಮಾತ್ರ ಅಲ್ಲಿನ ಯಂತ್ರದ ಸಂದಿಯಲ್ಲಿ ಉದುರಿಹೋಗಿ ಕೊನೆಗೆ ಕಸದ ಗುಂಡಿಯ ಮಣ್ಣಿನಡಿ ಸೇರುತ್ತವಂತೆ. ಅದಕ್ಕೇ ಶಾಲೆಯವರು ಅವನ್ನು ಬೇರೆಯಾಗಿ ಕೂಡಿಹಾಕಿ, ಕರಗಿಸಿ ಹೊಸ ಸಾಮಾನು ಮಾಡುವವರಿಗೆ ಕೊಡುತ್ತಾರೆ. ಇದನ್ನೆಲ್ಲ ಮಿಸ್ ಕೆಲ್ಲಿ ಬಹಳ ತಾಳ್ಮೆಯಿಂದ, ಪಾಪ ಈ ಹೆಂಗಸು ಇಂಥದ್ದನ್ನೆಲ್ಲ ಎಲ್ಲಿ ಕೇಳಿರಬೇಕು ಎಂಬ ಧಾಟಿಯಲ್ಲಿ ವಿವರಿಸಿದರು. ನನಗೆ ಒಳಗೊಳಗೇ ನಗು. ಹಾಲಿನ ಕವರ್ ತೊಳೆದು ಅಡುಗೆಮನೆ ಟೈಲ್ಸಿಗೆ ಅಂಟಿಸಿ ಒಣಗಿಸಿ, ತಿಂಗಳ ಕೊನೆಗೆ ಹಳೇ ಪೇಪರಿನವನ ತಕ್ಕಡಿ ಸರಿಯಿಲ್ಲವೆಂದು ಜಗಳವಾಡಿ ಮಾರುತ್ತಿದ್ದ ಅಮ್ಮನ ಮಗಳು ನಾನು. ನಮ್ಮಲ್ಲಿ ಇದಕ್ಕೆ ಪೋಸ್ಟರ್ ಇರಲಿಲ್ಲ, ಹಾಡು ಇರಲಿಲ್ಲ, ಮಕ್ಕಳಿಗೆ ಶಭಾಷ್ ಎನ್ನುವ ಸ್ಟಿಕ್ಕರ್ ಕೊಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೂರು ಹೊತ್ತು ಕಾಫಿ, ಎರಡು ಹೊತ್ತು ಮೊಸರನ್ನ ನಡೆಯುವ ಮನೆಯಲ್ಲಿ ಹಾಲಿನ ಮುಚ್ಚಳಕ್ಕೆ ಬರವೇ. ವಾರದೊಳಗೆ ಒಂದು ಚೀಲವಾಯಿತು. ಪಕ್ಕದ ಬಡಾವಣೆ ಸದರ್ನ್ ರಿವರ್‌ನಲ್ಲಿದ್ದ ಕನ್ನಡದ ಮನೆಗಳಿಗೂ ಫೋನ್ ಹಚ್ಚಿದೆ. ಅಲ್ಲಿಯವರೆಗೆ ಸಿಕ್ಕಿದಾಗಲೆಲ್ಲ "ವಿಲೆಟನ್ ಹೈಸ್ಕೂಲ್ ಝೋನಲ್ಲಿ ಮನೆ ಸಿಕ್ತೇನ್ರೀ" ಎಂದು ಹೆಸರಾದ ಆ ಶಾಲೆಯ ಸರಹದ್ದಿನ ಮಾತೊಂದನ್ನೇ ಆಡುತ್ತಿದ್ದವರು ಈಗ "ರೂಪ, ಹುಳಿ ಡಬ್ಬಿ ಮುಚ್ಚಳ ಆಗುತ್ತಾ?" ಎಂದು ಕೇಳತೊಡಗಿದರು.

ನಾವು ಪರ್ತ್‌ಗೆ ಬಂದದ್ದು ನೇರವಾಗಿ ಅಲ್ಲ. ನನ್ನ ಗಂಡ ಸತೀಶ್ ಗಣಿಗಳ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್. ಗುತ್ತಿಗೆ ಎಲ್ಲಿ ಕರೆದರೆ ಅಲ್ಲಿಗೆ ಗಂಟುಮೂಟೆ. ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಈಗ ಪರ್ತಿನ ಪಿಯಾರಾ ವಾಟರ್ಸ್. ಒಂದೇ ದೇಶ ಎಂದು ಹೆಸರಿಗೆ ಮಾತ್ರ. ಅಡಿಲೇಡ್‌ನಲ್ಲಿ ಖಾಲಿ ಬಾಟಲಿ ವಾಪಸ್ ಕೊಟ್ಟರೆ ಚಿಲ್ಲರೆ ಕೊಡುತ್ತಾರೆ. ಅದೇ ಅಭ್ಯಾಸದಲ್ಲಿ ಬ್ರಿಸ್ಬೇನ್‌ನಲ್ಲಿ ಗ್ಯಾರೇಜ್ ತುಂಬ ಬಾಟಲಿ ಪೇರಿಸಿದೆ. ಆಗ ಅಲ್ಲಿ ಯಾರೂ ಬಿಡಿಗಾಸು ಕೊಡುತ್ತಿರಲಿಲ್ಲವೆಂದು ಪಕ್ಕದ ಮನೆಯಾಕೆ ಹೇಳುವ ಹೊತ್ತಿಗೆ ಕಾರಿಗೆ ಜಾಗವಿರಲಿಲ್ಲ. ಅಡಿಲೇಡ್‌ನಲ್ಲಿ ಹಸಿರು ಮುಚ್ಚಳದ ಬಿನ್ ಎಂದರೆ ತರಕಾರಿ ಸಿಪ್ಪೆ, ಎಲೆ, ಹುಲ್ಲು. ಪರ್ತಿನ ನಮ್ಮ ಬೀದಿಯಲ್ಲಿ ಹಸಿರು ಮುಚ್ಚಳವೆಂದರೆ ಬೇಡದ್ದೆಲ್ಲ. ಮೈಸೂರಿನಿಂದ ಮಂಡ್ಯಕ್ಕೆ ಹೋದರೆ ಸಾಂಬಾರಿನ ರುಚಿ ಬದಲಾಗುವ ಹಾಗೆ, ಇಲ್ಲಿ ಊರು ಬದಲಾದರೆ ಕಸದ ಧರ್ಮವೇ ಬದಲು.

ಇದೆಲ್ಲ ನನಗೆ ತಮಾಷೆ. ನನ್ನ ಮಗಳು ಸಿಂಚನಾಳಿಗೆ ಅಲ್ಲ. ಎಂಟು ತುಂಬುವುದರೊಳಗೆ ಅವಳದು ಮೂರನೇ ಶಾಲೆ. ಈ ದೇಶದ ಶಾಲೆಗಳಲ್ಲಿ ಯಾವುದೇ ಸಭೆ ಶುರುವಾಗುವ ಮೊದಲು, ನಾವು ನಿಂತಿರುವ ನೆಲ ಯಾವ ಮೂಲ ಜನರದು ಎಂದು ಹೇಳಿ ಅವರಿಗೆ ಗೌರವ ಸಲ್ಲಿಸುತ್ತಾರೆ. ಊರೂರಿಗೂ ಆ ಜನ ಬೇರೆ, ಅವರ ಭಾಷೆ ಬೇರೆ. ಅಡಿಲೇಡ್‌ನಲ್ಲಿ ಗೌರ್ನಾ ಜನ. ಅವರ ಭಾಷೆಯಲ್ಲಿ 'ನೀನಾ ಮಾರ್ನಿ' ಎಂದರೆ ಚೆನ್ನಾಗಿದ್ದೀಯಾ ಎಂದು. ಪುಟ್ಟ ಸಿಂಚು ಅದನ್ನು ಕಲಿತು ಮನೆಯಲ್ಲಿ ಹಾಲಿನ ಲೋಟಕ್ಕೂ ನೀನಾ ಮಾರ್ನಿ ಹೇಳುತ್ತಿದ್ದಳು. ಬ್ರಿಸ್ಬೇನ್‌ನಲ್ಲಿ ಇನ್ನೊಂದು ಭಾಷೆಯ ಇನ್ನೊಂದು ನಮಸ್ಕಾರ ಕಲಿತಳು. ಪರ್ತಿನಲ್ಲಿ ನೂಂಗಾರ್ ಜನ, ಅವರದು 'ಕಾಯಾ'. ಮೊದಲ ದಿನ ಶಾಲೆಯಿಂದ ಬಂದವಳು ಬ್ಯಾಗ್ ಬಿಸಾಕಿ ಇಂಗ್ಲಿಷಿನಲ್ಲಿ ಹೇಳಿದಳು, "ಪ್ರತಿ ಊರಲ್ಲೂ ಹಲೋ ಕಲಿಯೋದು, ಆಮೇಲೆ ಬೈ ಹೇಳೋದು. ಮೂರನೇದು ನಾನು ಕಲಿಯಲ್ಲ."

ಹೇಳಿದಂತೆ ನಡೆದುಕೊಂಡಳು. ಕ್ಲಾಸಿನಲ್ಲಿ ಬರೀ ತಲೆ ಆಡಿಸುತ್ತಾಳೆ, ಬಾಯಿ ಬಿಡುವುದಿಲ್ಲ, ಯಾರ ಜೊತೆಗೂ ಕೂತು ಊಟ ಮಾಡುವುದಿಲ್ಲ ಎಂದು ಮಿಸ್ ಕೆಲ್ಲಿ ಹೇಳಿದರು. ಮನೆಯಲ್ಲಿ ಬಾಯಿ ಮುಚ್ಚದ ಹುಡುಗಿ ಅದು. ಅವಳ ದನಿ ಆ ಶಾಲೆಯಲ್ಲಿ ಒಂದು ಸಲ ಕೇಳಿದರೆ ಸಾಕು ಎಂದು ನಾನು ಮಾಡದ ಉಪಾಯವಿಲ್ಲ. ಕೊನೆಗೆ ಕೆಲಸ ಮಾಡಿದ್ದು ಮುಚ್ಚಳ. ಎಲ್ಲರ ಮನೆಯಿಂದ ಬಂದ ಮುಚ್ಚಳಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವ ಕೆಲಸವನ್ನು ಮಿಸ್ ಕೆಲ್ಲಿ ಅವಳಿಗೆ ಕೊಟ್ಟರು. ಅದಕ್ಕೆ ಮಾತು ಬೇಕಿರಲಿಲ್ಲ. ಸಿಂಚು ಊಟದ ಹೊತ್ತಿನಲ್ಲಿ ಕೂತು ನೀಲಿ, ಹಸಿರು, ಕೆಂಪು ಎಂದು ಡಬ್ಬಿ ತುಂಬಿಸುತ್ತಿದ್ದಳಂತೆ. ಅಕ್ಕಪಕ್ಕ ಮಕ್ಕಳು ಕೂರತೊಡಗಿದರಂತೆ. ನಾನು ಖುಷಿಯಲ್ಲಿ ಆ ವಾರ ಒಂದು ಬಾಟಲಿ ಹಾಲು ಹೆಚ್ಚಿಗೆ ತಂದೆ.

ಶಾಲೆಯ ತೋಟ, ಗೊಬ್ಬರದ ಗುಂಡಿ, ಎರೆಹುಳುವಿನ ಪೆಟ್ಟಿಗೆ ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಗ್ರೆಗ್ ಎಂಬ ಅಪ್ಪ. ಅವನ ಮಗನೂ ಸಿಂಚು ಕ್ಲಾಸಿನಲ್ಲೇ. ಒಳ್ಳೆಯ ಮನುಷ್ಯ, ಚಳಿಗಾಲದಲ್ಲೂ ಚಡ್ಡಿ. ನನ್ನನ್ನು ಕಂಡಾಗಲೆಲ್ಲ ಕೈಮುಗಿದು "ನಮಸ್ತೇ, ಶುಕ್ರಿಯಾ" ಎನ್ನುತ್ತಿದ್ದ. ನಾನು ಮೂರು ಸಲ ತಡೆದುಕೊಂಡೆ. ನಾಲ್ಕನೇ ಸಲ ಆಗಲಿಲ್ಲ.

"ಗ್ರೆಗ್, ಅದು ಹಿಂದಿ. ನಂದು ಕನ್ನಡ. ಬೇರೆ ಭಾಷೆ, ಬೇರೆ ಲಿಪಿ. ಇಂಡಿಯಾದವರೆಲ್ಲ ಹಿಂದಿಯವರಲ್ಲ" ಎಂದು ಅವನ ಎರೆಹುಳುಗಳ ಮುಂದೆ ನಿಂತು ದೊಡ್ಡ ಪಾಠವನ್ನೇ ಮಾಡಿದೆ. ಈ ದೇಶಕ್ಕೆ ಬರುವ ಮೊದಲು ಬೆಂಗಳೂರಿನಲ್ಲಿದ್ದಾಗ ಬ್ಯಾಂಕಿನಲ್ಲಿ, ಆಟೋದಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಷ್ಟು ವರ್ಷ ಕೂಡಿಟ್ಟಿದ್ದ ಸಿಟ್ಟು, ಪಾಪ, ಆ ಬಡಪಾಯಿಯ ತಲೆಗೆ ಬಿತ್ತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನದಿಂದ "ನಮಸ್ಕಾರ, ರೂಪ" ಎನ್ನತೊಡಗಿದ.

ಮೇ ಕೊನೆಗೆ ಇಲ್ಲಿ ರಿಕನ್ಸಿಲಿಯೇಷನ್ ವೀಕ್ ಬರುತ್ತದೆ. ಈ ನೆಲದ ಮೂಲ ಜನರಿಗೂ, ಆಮೇಲೆ ಬಂದು ಅವರ ನೆಲದ ಮೇಲೆ ಊರು ಕಟ್ಟಿಕೊಂಡವರಿಗೂ ನಡುವೆ ಮುರಿದದ್ದನ್ನು ಒಪ್ಪಿಕೊಂಡು ಮತ್ತೆ ಕೂಡಿಕೊಳ್ಳಲು ನೋಡುವ ವಾರ. ಶಾಲೆಯಲ್ಲಿ ದೊಡ್ಡ ಅಸೆಂಬ್ಲಿ, ಮನೆಯವರೆಲ್ಲ ಬರಬೇಕು. ನೂಂಗಾರ್ ಹಿರಿಯರೊಬ್ಬರು ಬಂದು ಸ್ವಾಗತ ಹೇಳುತ್ತಾರೆ, ಅವರನ್ನು ಆಂಟಿ ಡೋರಿ ಎನ್ನಬೇಕು ಎಂದರು ಮಿಸ್ ಕೆಲ್ಲಿ. ಬೆಂಗಳೂರಿನಲ್ಲಿ ತರಕಾರಿಯವನು ಆಂಟಿ ಅಂದರೆ ನಾನು ಉರಿದುಬೀಳುತ್ತಿದ್ದೆ. ಇಲ್ಲಿ ಅದು ಹಿರಿಯರಿಗೆ ಅವರ ಜನ ಕೊಡುವ ಗೌರವ, ಸುಮ್ಮನೆ ಸಿಕ್ಕುವುದಿಲ್ಲ.

"ಕೂಡಿಟ್ಟಿರೋ ಮುಚ್ಚಳದಲ್ಲಿ ಅಂಗಳದ ತುಂಬ ಏನಾದ್ರೂ ಮಾಡೋಣ್ವಾ?" ಎಂದು ಮಿಸ್ ಕೆಲ್ಲಿ ಕೇಳಿದ್ದೇ ತಡ, ನಾನು ಕೈ ಎತ್ತಿಬಿಟ್ಟೆ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಚಪ್ಪರದ ಮುಂದಿನ ರಂಗೋಲಿಗೆ ನನ್ನನ್ನೇ ಕರೆಯುತ್ತಿದ್ದರು. ಸುಮ್ಮನಿರುವುದುಂಟೇ.

ಮನೆಗೆ ಬಂದು ಫೋನಿನಲ್ಲಿ ಮೂಲನಿವಾಸಿಗಳ ಚಿತ್ರಕಲೆ ಹುಡುಕಿದೆ. ಕಂಡದ್ದೆಲ್ಲ ಚುಕ್ಕಿ. ಚುಕ್ಕಿಯ ಸುರುಳಿ, ಸುತ್ತಿನೊಳಗೆ ಸುತ್ತು, ಅರ್ಧ ಬಳೆಯಂಥ ಗುರುತು, ಹಕ್ಕಿಯ ಹೆಜ್ಜೆ. ನನಗೆ ಆನಂದ ತಡೆಯಲಾಗಲಿಲ್ಲ. "ನೋಡೇ ಸಿಂಚು, ಇವರದೂ ನಮ್ಮ ಹಾಗೇ ಚುಕ್ಕಿ ರಂಗೋಲಿ. ನಮ್ಮದೂ ಇವರದೂ ಒಂದೇ" ಅಂದೆ. ಅವಳು ಇಣುಕಿ ನೋಡಿ, ಕಣ್ಣರಳಿಸಿ, ತಾನೇ ಯಾವ ಸುತ್ತಿಗೆ ಯಾವ ಬಣ್ಣ ಎಂದು ಹೇಳತೊಡಗಿದಳು. ಮರುದಿನ ಶಾಲೆಯಿಂದ ಬಂದು, ಅಸೆಂಬ್ಲಿಯಲ್ಲಿ ಆ ರಂಗೋಲಿಯ ಬಗ್ಗೆ ಮೈಕಿನಲ್ಲಿ ಮಾತಾಡಲು ಮಿಸ್ ಕೆಲ್ಲಿ ಕೇಳಿದರೆಂದೂ ತಾನು ಒಪ್ಪಿಕೊಂಡೆನೆಂದೂ ಹೇಳಿದಳು. ಆ ಸಂಜೆ ಪಾಯಸ ಮಾಡಿದೆ.

ಅಸೆಂಬ್ಲಿಯ ಹಿಂದಿನ ದಿನ ಮಧ್ಯಾಹ್ನ, ಇವರ ಬಾಯಲ್ಲಿ ಆರ್ವೋ, ಶಾಲೆ ಬಿಟ್ಟ ಮೇಲೆ ಮಕ್ಕಳು, ಅಪ್ಪಂದಿರು, ಅಮ್ಮಂದಿರು ಎಲ್ಲ ಅಂಗಳದ ಸಿಮೆಂಟಿನ ಮೇಲೆ ಮಂಡಿಯೂರಿದೆವು. ನನ್ನ ಫೋನಿನ ಚಿತ್ರ ನೋಡಿಕೊಂಡು ನಾನು ಹೇಳುವುದು, ಅವರು ಜೋಡಿಸುವುದು. ಸಿಂಚು ಒಬ್ಬೊಬ್ಬರಿಗೂ ಬಣ್ಣದ ಡಬ್ಬಿ ಕೊಟ್ಟುಕೊಂಡು ಓಡಾಡುತ್ತಿದ್ದಳು. ದೊಡ್ಡ ದೊಡ್ಡ ಸುತ್ತುಗಳು, ನಡುವೆ ಹಾವಿನಂತೆ ಹರಿಯುವ ಗೆರೆಗಳು, ಸುತ್ತಲೂ ಆ ಅರ್ಧ ಬಳೆಗಳು. ನೋಡಲು ಕಣ್ಣಿಗೆ ಹಬ್ಬ.

ಆಗಲೇ ಮಿಸ್ ಕೆಲ್ಲಿಯ ಜೊತೆ ಆಂಟಿ ಡೋರಿ ಬಂದರು, ನಾಳೆ ಎಲ್ಲಿ ನಿಲ್ಲಬೇಕೆಂದು ನೋಡಿಕೊಂಡು ಹೋಗಲು. ಕುಳ್ಳಗೆ, ಗುಂಡಗೆ, ಬಿಳಿ ಕೂದಲು, ಹೆಗಲ ಮೇಲೊಂದು ಉಣ್ಣೆಯ ಶಾಲು. ರಂಗೋಲಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ಚೆನ್ನಾಗಿದೆ," ಅಂದರು. "ಯಾರ್ದಿದು?"

"ನಿಮ್ದೇ, ಆಂಟಿ," ಎಂದೆ ನಾನು ಹೆಮ್ಮೆಯಿಂದ.

"ನಂದಲ್ಲಮ್ಮ."

ನನಗೆ ಅರ್ಥವಾಗಲಿಲ್ಲ. ಅವರು ಗದರಲಿಲ್ಲ, ದನಿ ಏರಿಸಲೂ ಇಲ್ಲ. "ಇದು ಮರುಭೂಮಿ ಕಡೆಯೋರ್ದು. ಕಾರಲ್ಲಿ ಹೊರಟ್ರೆ ಇವತ್ತು ನಾಳೆ ಎರಡು ದಿನ ಹೋಗ್ಬೇಕು ಅಲ್ಲಿಗೆ. ಅವರ ಭಾಷೆ ನಂಗೆ ಬರಲ್ಲ. ಈ ಗುಂಡು ಯಾವ್ದೋ ನೀರಿನ ಜಾಗದ ಕಥೆ ಇರ್ಬೇಕು, ಇದು ಕೂತಿರೋ ಮನುಷ್ಯರು ಇರ್ಬೇಕು. ಆ ಕಥೆ ಯಾರು ಬರೀಬಹುದು, ಯಾರು ಬರೀಬಾರದು ಅಂತ ಅವರಲ್ಲೇ ಕಟ್ಟುಪಾಡಿದೆ. ಕೇಳದೆ ನಾನೂ ಬರಿಯಲ್ಲ."

ಗೊಬ್ಬರದ ಬಕೆಟ್ ಹಿಡಿದು ನಿಂತಿದ್ದ ಗ್ರೆಗ್ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಹೇಳಿದ, "ಅಂದ್ರೆ ರೂಪ, ನೀನು ಆಂಟಿಗೆ ನಮಸ್ತೇ, ಶುಕ್ರಿಯಾ ಅಂದಂಗಾಯ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೈಸೂರಿನವಳನ್ನು ಹಿಂದಿಯವಳೆಂದರೆ ಮೈಯೆಲ್ಲ ಉರಿಯುವ ನಾನು, ಎರಡು ದಿನದ ದಾರಿಯಾಚೆಯವರ ಬರಹವನ್ನು ತಂದು ಇವರ ಮುಂದೆ ಹರಡಿ, ತಗೊಳ್ಳಿ ನಿಮ್ಮದು ಎಂದಿದ್ದೆ. ಎಲ್ಲ ಒಂದೇ ಎನ್ನುವ ಮಾತು ಎದುರಿನವರಿಗೆ ಎಷ್ಟು ಚುಚ್ಚುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು. ನಾಚಿಕೆಯಾಯಿತು. ಆಮೇಲೆ ಗ್ರೆಗ್ಗನ ಮುಖ ನೋಡಿ ನಗು ಬಂತು, ಎರೆಹುಳುಗಳ ಮುಂದಿನ ಪಾಠದ ಕಥೆ ಹೇಳಿದ ಮೇಲೆ ಆಂಟಿಯೂ ನಕ್ಕರು. "ತಪ್ಪಾಯ್ತು ಆಂಟಿ" ಎಂದೆ. "ಹೇಳಿದ್ದು ಕೇಳಿದ್ಯಲ್ಲ, ಸಾಕು" ಎಂದರು. ನಾನೇ ಬಗ್ಗಿ ನಡುವಿನ ಸುತ್ತಿನಿಂದ ಮುಚ್ಚಳ ತೆಗೆಯತೊಡಗಿದೆ. ಉಳಿದವರೂ ಕೈಹಾಕಿದರು.

ಸಿಂಚು ಮಾತ್ರ ಡಬ್ಬಿಯನ್ನು ಕೆಳಗಿಟ್ಟು, ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನು ಹತ್ತಿರ ಹೋದರೆ ಮುಖ ತಿರುಗಿಸಿದಳು.

"ನೀನೇ ಹೇಳ್ದೆ, ನಮ್ಮದೂ ಅವರದೂ ಒಂದೇ ಅಂತ," ಎಂದಳು ಇಂಗ್ಲಿಷಿನಲ್ಲಿ. "ಬ್ರಿಸ್ಬೇನಲ್ಲೂ ಹೇಳಿದ್ದೆ, ಇನ್ನು ಇಲ್ಲೇ ಇರ್ತೀವಿ ಅಂತ. ನಾನು ನಾಳೆ ಮಾತಾಡಲ್ಲ. ಬರೋದೇ ಇಲ್ಲ."

ಇಷ್ಟು ದಿನದ ಮೇಲೆ ಆ ಹುಡುಗಿಯ ಬಾಯಿ ತೆರೆದಿತ್ತು. ಮುಚ್ಚಿಸಿದವಳು ನಾನು.

ಆಂಟಿ ಡೋರಿ ಬಂದು, ಉಸ್ಸಪ್ಪಾ ಎಂದು ಅವಳ ಪಕ್ಕ ಕೂತರು. ಆಮೇಲೆ, "ನಿಮ್ಮಮ್ಮ ನಿಮ್ಮನೆ ಮುಂದೆ ಏನು ಬರೀತಾಳೆ?" ಎಂದು ಕೇಳಿದರು.

"ಏನೂ ಇಲ್ಲ. ಅದು ಬಾಡಿಗೆ ಮನೆ," ಎಂದಳು ಸಿಂಚು.

ನನಗೆ ಹೊಡೆದಂತಾಯಿತು. ನಿಜ, ಈ ದೇಶಕ್ಕೆ ಬಂದಮೇಲೆ ಒಂದು ದಿನವೂ ಬಾಗಿಲಿಗೆ ರಂಗೋಲಿ ಹಾಕಿರಲಿಲ್ಲ. ಕಾರಣಗಳು ಬೇಕಾದಷ್ಟಿದ್ದವು. ಬಿಳಿ ಪುಡಿ ತಂದರೆ ಏರ್‌ಪೋರ್ಟಿನಲ್ಲಿ ಏನೆಂದು ಹೇಳ್ತೀಯ ಎಂದು ಸತೀಶ್ ಹೆದರಿಸಿದ್ದು, ಮೂರು ತಿಂಗಳಿಗೊಮ್ಮೆ ಮನೆ ತಪಾಸಣೆಗೆ ಬರುವ ಏಜೆಂಟ್, ಪರ್ತಿನ ಗಾಳಿ, ಪರ್ತಿನ ಮರಳು. ಆದರೆ ಮೈಸೂರಿನಲ್ಲಿ ಬಾಡಿಗೆ ಮನೆಯವರು ರಂಗೋಲಿ ಹಾಕುವುದಿಲ್ಲವೇ. ಒಂದು ಕೋಣೆಯ ಮನೆಯಲ್ಲಿದ್ದವರೂ ಬೆಳಗಾದರೆ ಹೊಸಿಲು ತೊಳೆದು ನಾಲ್ಕು ಎಳೆ ಎಳೆಯುತ್ತಿದ್ದರು. ನಾನು ಹಾಕದಿದ್ದದ್ದು ಈ ಯಾವ ಮನೆಯನ್ನೂ ಮನೆಯೆಂದು ಒಪ್ಪಿರದಿದ್ದಕ್ಕೆ. ಹೇಗೂ ಹೊರಡುವುದಿದೆಯಲ್ಲ ಎಂಬ ಲೆಕ್ಕ ನನ್ನದೇ, ಮಗಳು ಕಲಿತದ್ದು ನನ್ನಿಂದ.

ರಂಗೋಲಿ ಎಂದರೇನೆಂದು ಆಂಟಿ ನನ್ನನ್ನು ಕೇಳಿದರು. ಹೇಳಿದೆ. ಮನೆ ಎದ್ದಿದೆ, ಒಳಗೆ ಎಲ್ಲ ಚೆನ್ನಾಗಿದೆ, ಬನ್ನಿ ಎಂದು ಹೇಳುವುದು. ಸೂತಕದ ಮನೆಯಲ್ಲಿ ಹಾಕುವುದಿಲ್ಲ. ಅವರವರ ಬಾಗಿಲಿಗೆ ಅವರವರು ಹಾಕಿಕೊಳ್ಳುತ್ತಾರೆ. ಇನ್ನೊಬ್ಬರ ಬಾಗಿಲಿಗೆ ಹಾಕಬೇಕಾದರೆ ಅವರು ಕರೆಯಬೇಕು, ಹಾಗೆ ಕರೆದರೆ ಅದು ದೊಡ್ಡ ಮರ್ಯಾದೆ, ಇಲ್ಲ ಎನ್ನಬಾರದು.

ಆಂಟಿ ಶಾಲೆಯ ದೊಡ್ಡ ಗೇಟಿನ ಕಡೆ ಕೈ ತೋರಿಸಿದರು. "ಹಂಗಾದ್ರೆ ಅದು ನನ್ನ ಬಾಗಿಲು. ನಾನು ಕರೀತಿದೀನಿ. ನಿಂದು ಹಾಕು."

ಸಿಂಚು ತಲೆಯೆತ್ತಿ ನೋಡಿದಳು. ಆಂಟಿ ಅವಳಿಗೆ ಹೇಳಿದರು, "ನನ್ನಮ್ಮನ್ನ ನಿನ್ನಷ್ಟು ಇರೋವಾಗ ಸರ್ಕಾರದೋರು ಮನೆಯಿಂದ ಎತ್ಕೊಂಡ್ಹೋಗಿ ಬೇರೆ ಕಡೆ ಇಟ್ರು. ಅಲ್ಲಿ ಅವಳ ಭಾಷೆ ಆಡಿದ್ರೆ ಏಟು ಬೀಳ್ತಿತ್ತು. ಹಾಗಾಗಿ ನಂಗೂ ಬರ್ತಿರ್ಲಿಲ್ಲ. ಕಾಯಾ ಅನ್ನೋದನ್ನ ನಾನು ಕಲ್ತಿದ್ದು ಮೊಮ್ಮಕ್ಕಳಾದ್ಮೇಲೆ. ನಿಂಗೆ ಅವಸರ ಇಲ್ಲ, ಪುಟ್ಟಿ."

ಸಿಂಚು ಎದ್ದು ಡಬ್ಬಿ ಕೈಗೆತ್ತಿಕೊಂಡಳು.

ಆಮೇಲಿನದು ಜಾತ್ರೆ. ಹದಿನೈದು ಚುಕ್ಕಿ, ಎರಡರ ನಡುವೆ ಒಂದರಂತೆ ಇಳಿಸುತ್ತಾ ಮೇಲೂ ಕೆಳಗೂ ಎಂಟಕ್ಕೆ ನಿಲ್ಲಿಸಬೇಕು ಎಂದು ನಾನು ಕೂಗಿ ಹೇಳಿದರೆ, ಗ್ರೆಗ್ ಪ್ರತಿ ಸಾಲಿನಲ್ಲೂ ಒಂದು ಹೆಚ್ಚಿಗೆ ಇಡುವುದು, ಅವನ ಮಗ ಅದನ್ನು ಕಿತ್ತುಹಾಕುವುದು. ಹಾಲಿನ ನೀಲಿ ಮುಚ್ಚಳಗಳು ಚುಕ್ಕಿಯಾದವು, ನೀರಿನ ಬಾಟಲಿಯ ಬಿಳಿ ಮುಚ್ಚಳಗಳು ಎಳೆಯಾದವು. ಹಬ್ಬದ ದಿನ ಸುತ್ತ ಬಳಿಯುವ ಕೆಮ್ಮಣ್ಣಿನ ಜಾಗಕ್ಕೆ ಕೆಂಪು ಮುಚ್ಚಳ. ಆಫೀಸಿನಿಂದ ನೇರವಾಗಿ ಬಂದ ಸತೀಶ್, ಟೈ ಸಮೇತ ಮಂಡಿಯೂರಿ, "ಮದುವೆಯಾದಾಗ್ಲಿಂದ ನೋಡ್ತಿದೀನಿ, ಈ ಎಳೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಇವತ್ತು ತಿಳೀತು ಕಣೇ" ಎಂದರು. ಆಂಟಿ ಕುರ್ಚಿ ಹಾಕಿಸಿಕೊಂಡು ಕೂತು, ತಮ್ಮವರಿಗೆ ವರ್ಷಕ್ಕೆ ಆರು ಋತು, ಈಗ ನಡೆಯುತ್ತಿರುವುದಕ್ಕೆ ಜೆರಾನ್ ಎನ್ನುತ್ತಾರೆ, ಇಬ್ಬನಿ ಬಿದ್ದು ರಾತ್ರಿ ತಣ್ಣಗಾಗುವ ಕಾಲ ಎಂದರು. ನಮ್ಮ ಪಂಚಾಂಗದಲ್ಲೂ ಆರೇ ಎಂದೆ. ಎಂದವಳೇ ಬೆರಳು ಎತ್ತಿ, "ಒಂದೇ ಅಂತ ಹೇಳ್ತಿಲ್ಲ ಆಂಟಿ" ಎಂದು ಸೇರಿಸಿದೆ. ಅವರು ಕುರ್ಚಿ ಅಲುಗಾಡುವಂತೆ ನಕ್ಕರು.

ಹೊತ್ತು ಮುಳುಗುವ ಹೊತ್ತಿಗೆ ಗೇಟಿನ ಅಗಲಕ್ಕೂ ರಂಗೋಲಿ ನಿಂತಿತು. ಕೊನೆಯ ಮುಚ್ಚಳವನ್ನು ಆಂಟಿಯ ಕೈಗೆ ಕೊಟ್ಟೆ, ಅವರು ಬಗ್ಗಿ ನಡುವಿನಲ್ಲಿ ಇಟ್ಟರು. ಸಿಂಚು ನನ್ನ ಸೆರಗು ಎಳೆದು, ಅಂದರೆ ಜಾಕೆಟ್ಟಿನ ತುದಿ ಎಳೆದು, "ಇದನ್ನ ಗ್ಲೂ ಹಾಕಿ ಅಂಟಿಸಿಬಿಡೋಣ" ಎಂದಳು. ರಂಗೋಲಿ ಅಂಟಿಸುವುದಿಲ್ಲ, ಅಳಿಸಿ ಮತ್ತೆ ಹಾಕುವುದೇ ಅದರ ಕ್ರಮ ಎಂದೆ. "ಎಲ್ಲಿ ಮತ್ತೆ?" ಎಂದಳು. "ನಾಡಿದ್ದು ಬೆಳಿಗ್ಗೆ ನಮ್ಮನೆ ಬಾಗಿಲಿಗೆ" ಎಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಂಬಬಹುದೇ ಎಂದು ಅಳೆಯುತ್ತಿದ್ದಳು.

ಬೆಳಿಗ್ಗೆ ಅಸೆಂಬ್ಲಿಯನ್ನು ಗೇಟಿನ ಮುಂದೆಯೇ ಮಾಡಿದರು. ಎಲ್ಲರೂ ಪಕ್ಕದ ಚಿಕ್ಕ ಬಾಗಿಲಿನಿಂದ ಬಂದು ಸುತ್ತ ನಿಂತರು. ಆಂಟಿ ಡೋರಿ ತ‌ಮ್ಮ ಭಾಷೆಯಲ್ಲಿ ಸ್ವಾಗತ ಹೇಳಿ ಮೈಕನ್ನು ಸಿಂಚುವಿಗೆ ಕೊಟ್ಟರು. ನಾನು ಸತೀಶರ ತೋಳನ್ನು ಹಿಡಿದ ಹಿಡಿತಕ್ಕೆ ಅವರು "ಸ್ವಲ್ಪ ಬಿಡೇ" ಎಂದರು. ನನ್ನ ಮಗಳು ಮೈಕನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತಳು. ಎಷ್ಟು ಹೊತ್ತೋ. ಮಿಸ್ ಕೆಲ್ಲಿ ಒಂದು ಹೆಜ್ಜೆ ಮುಂದಿಟ್ಟರು. ಆಗ ಅವಳ ದನಿ ಬಂತು.

"ಕಾಯಾ," ಎಂದಳು. "ನಮಸ್ಕಾರ. ಇದು ರಂಗೋಲಿ. ಮುಚ್ಚಳ ಎಲ್ಲರ ಮನೆಯದು. ಬನ್ನಿ ಅಂತ ಹೇಳೋಕೆ ಇದನ್ನ ಬಾಗಿಲಿಗೆ ಹಾಕ್ತಾರೆ. ನಮಗೆ ಇಲ್ಲಿ ಸ್ವಂತ ಬಾಗಿಲು ಇಲ್ಲ. ಆಂಟಿ ಡೋರಿ ಅವರದನ್ನ ಕೊಟ್ಟಿದ್ದಾರೆ."

ಅಷ್ಟೇ ಹೇಳಿದ್ದು. ನಾನು ಹೋ ಎಂದು ಅತ್ತೆ, ಮುಚ್ಚುಮರೆಯಿಲ್ಲದೆ ಅತ್ತೆ. ಗ್ರೆಗ್ ತನ್ನ ಗೊಬ್ಬರದ ಕೈಯೊರೆಸುವ ಬಟ್ಟೆ ಕೊಟ್ಟ, ಅದರಲ್ಲೇ ಮೂಗು ಒರೆಸಿಕೊಂಡೆ. ಅಸೆಂಬ್ಲಿ ಮುಗಿದ ಮೇಲೆ ಮುಚ್ಚಳಗಳನ್ನು ಗುಡಿಸಿ ಚೀಲಕ್ಕೆ ತುಂಬಿದವಳು ಸಿಂಚುವೇ. ಜೊತೆಗೆ ನಾಲ್ಕು ಹುಡುಗಿಯರು, ನಾಲ್ವರೊಡನೆಯೂ ಎಡೆಬಿಡದ ಮಾತು. ಆ ಚೀಲಗಳು ಕರಗಿಸುವವರ ಕಡೆ ಹೋದವು.

ಕೊಟ್ಟ ಮಾತಿನಂತೆ ಮರುದಿನ ಬೆಳಿಗ್ಗೆ ಪಿಯಾರಾ ವಾಟರ್ಸ್‌ನ ನಮ್ಮ ಬಾಡಿಗೆ ಮನೆಯ ಮುಂದೆ ನೀರು ಹಾಕಿ ಅಕ್ಕಿ ಹಿಟ್ಟಿನಲ್ಲಿ ಎಳೆದೆ. ಅಂದಿನಿಂದ ತಪ್ಪಿಸಿಲ್ಲ. ಗಾಳಿ ಹಾರಿಸುತ್ತದೆ, ಇರುವೆ ತಿನ್ನುತ್ತದೆ, ಮತ್ತೆ ಹಾಕುತ್ತೇನೆ. ತಪಾಸಣೆಗೆ ಬಂದ ಏಜೆಂಟ್ ಬೂಟು ಕಳಚಿ, ತುದಿಗಾಲಲ್ಲಿ ಅದನ್ನು ದಾಟಿ ಒಳಗೆ ಬಂದ. ವರ್ಷದ ಕೊನೆಗೆ ಬ್ರಿಸ್ಬೇನಿನಿಂದ ಸತೀಶರಿಗೆ ಮತ್ತೆ ಕರೆ ಬಂತು. ಅವರು ನನ್ನನ್ನು ಕೇಳಲಿಲ್ಲ, ಸಿಂಚುವನ್ನು ಕೇಳಿದರು. ಅವಳು ಹೋಮ್‌ವರ್ಕಿನಿಂದ ತಲೆಯೆತ್ತದೆ "ನೋ ಥ್ಯಾಂಕ್ಸ್" ಎಂದಳು. ಇಲ್ಲೇ ಉಳಿದೆವು.

ಆ ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ, ಇಷ್ಟೆಲ್ಲ ಕಥೆ ಹೇಳಲು ನಾನು ತುದಿಗಾಲಲ್ಲಿದ್ದೆ. ಆಟೋ ಇಳಿದು ನೋಡುತ್ತೇನೆ, ಅಮ್ಮನ ಬಾಗಿಲಿಗೆ ರಂಗೋಲಿಯ ಸ್ಟಿಕ್ಕರ್. ದುಂಡಗೆ, ಬಣ್ಣಬಣ್ಣವಾಗಿ, ಅಂಗಡಿಯಿಂದ ತಂದು ಅಂಟಿಸಿದ್ದು.

"ಏನಮ್ಮ ಇದು?" ಅಂದೆ.

"ಮಂಡಿ ಬಗ್ಗಲ್ವೇ," ಎಂದರು ಅಮ್ಮ. "ಬೀದಿಲೆಲ್ಲಾ ಇದೇ ಈಗ. ಒಳ್ಳೇದೇ, ಅಳಿಸಿಹೋಗಲ್ಲ."

ಮರುದಿನ ಬೆಳಿಗ್ಗೆ ಸಿಂಚು ಅಜ್ಜಿಯ ಹತ್ತಿರ ಹೋಗಿ, ತನ್ನ ಮುರುಕು ಕನ್ನಡದಲ್ಲಿ, "ಅಜ್ಜಿ, ನಿಮ್ಮ ಬಾಗಿಲಿಗೆ ನಾವು ಹಾಕಬಹುದಾ?" ಎಂದು ಕೇಳಿದಳು. "ಅದಕ್ಕೇನು ಕೇಳೋದು ಕಣೇ, ನಿಮ್ಮನೆ ತಾನೇ" ಎಂದರು ಅಮ್ಮ. ಸಿಂಚು ಒಪ್ಪಲಿಲ್ಲ, "ಹಾಕು" ಎಂದು ಅಜ್ಜಿ ಬಾಯಿಬಿಟ್ಟು ಹೇಳುವವರೆಗೂ ಕಾದಳು. ಆಮೇಲೆ ನಾವಿಬ್ಬರೂ ಸ್ಟಿಕ್ಕರಿನ ಮುಂದೆ ನೀರು ಚಿಮುಕಿಸಿ, ಪುಡಿ ಹಿಡಿದು ಕೂತೆವು.

ಎದುರು ಮನೆಯ ಲಲಿತಮ್ಮ ಹಾಲಿಗೆಂದು ಹೊರಟವರು ನಿಂತು ನೋಡಿದರು. "ಎಷ್ಟ್ ಚೆನ್ನಾಗಿ ಚುಕ್ಕಿ ಇಡ್ತೀಯೇ. ಯಾವೂರು ಪುಟ್ಟಿ ನಿಂದು?"

"ಪರ್ತ್," ಎಂದಳು ಸಿಂಚು ತಡವರಿಸದೆ. "ಆದ್ರೆ ಅದು ಆಂಟಿ ಡೋರೀದು."

ಲಲಿತಮ್ಮನಿಗೆ ಏನೂ ತಿಳಿಯಲಿಲ್ಲ. ನಕ್ಕು ನನ್ನ ಕಡೆ ತಿರುಗಿದರು. "ಮತ್ತೆ ನೀನು? ಇಲ್ಲಿಯೋಳೋ ಅಲ್ಲಿಯೋಳೋ?"

ನಾನು ಇಡುತ್ತಿದ್ದ ಸಾಲು ಎಷ್ಟನೆಯದೆಂದು ಮರೆತುಹೋಯಿತು. ಸಿಂಚು ಮೊದಲಿನಿಂದ ಎಣಿಸಿ ಹೇಳಿದಳು.